ರುಚಿ ನೋಡಲಾಯಿತು

ಕೊರಟಗೆರೆ
25 ಅಕ್ಟೋಬರ್ 2025, ಶನಿವಾರ

ಪೂಜ್ಯ ಕರೀಮ್ ಸಾಬ್ ಮೇಷ್ಟ್ರಿಗೆ, ನಿಮ್ಮ ಶಿಷ್ಯೆ ಬಿಂದುಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಕಿವಿ ಪೂರ್ತಿ ಮಂದವಾಗಿದೆ, ಫೋನಿನಲ್ಲಿ ಬರೀ ಗುಂಯ್ ಅನ್ನುತ್ತದೆ ಅಂತ ಹೋದ ಕಾಗದದಲ್ಲಿ ಬರೆದಿದ್ದಿರಿ. ವಾಟ್ಸಾಪ್ ಕಲಿಯಿರಿ ಅಂದರೆ ಅದರಲ್ಲಿ ಕೆಂಪು ಶಾಯಿ ಇಲ್ಲ ಅಂತೀರ. ಸರಿ, ನಿಮ್ಮ ಹಟವೇ ಗೆಲ್ಲಲಿ. ಕೊರಟಗೆರೆ ಅಂಚೆ ಕಚೇರಿಯವರಿಗೆ ಈಗ ನನ್ನ ಮುಖದ ಪರಿಚಯ ಚೆನ್ನಾಗಿ ಆಗಿದೆ.

ಹೊಳವನಹಳ್ಳಿ ಕಡೆಯ ಈ ಪ್ರೌಢಶಾಲೆಗೆ ಇಂಗ್ಲಿಷ್ ಟೀಚರಾಗಿ ಬಂದು ಏಳು ವರ್ಷವಾಯಿತು. ಹೋದ ವರ್ಷ ಹತ್ತನೇ ಕ್ಲಾಸಿನಲ್ಲಿ ನನ್ನ ವಿಷಯಕ್ಕೆ ಒಬ್ಬರೂ ಫೇಲಾಗಲಿಲ್ಲ. ಜಂಬ ಅನ್ನಿ, ನನಗೇನೂ ಬೇಜಾರಿಲ್ಲ. ಮಾಡಿದ ಕೆಲಸವನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆ ಯಾಕೆ? ಆದರೆ ಈ ಪ್ಯಾಸಿವ್ ವಾಯ್ಸ್ ಬಂದಾಗ ಮಾತ್ರ ಪ್ರತಿ ವರ್ಷವೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಮೊನ್ನೆ ಕರ್ಮಣಿ ಪ್ರಯೋಗ ಅಂದರೆ ಹೀಗೆ ಅಂತ ಕನ್ನಡದಲ್ಲೇ ಹೇಳಿಕೊಟ್ಟೆ: ‘ನಾನು ಮುದ್ದೆ ತಿಂದೆ’ ಅನ್ನುವುದು ‘ಮುದ್ದೆ ನನ್ನಿಂದ ತಿನ್ನಲ್ಪಟ್ಟಿತು’ ಅಂತಾಗುತ್ತದೆ. ಹಿಂದಿನ ಬೆಂಚಿನ ಅಶ್ವಿನಿ ಎದ್ದು ನಿಂತಳು. “ಮೇಡಂ, ನಾನು ಮನೇಲಿ ಇಂಗೆ ಮಾತಾಡಿದ್ರೆ ನಮ್ಮಜ್ಜಿ ದೆವ್ವ ಹಿಡಿದೈತೆ ಅಂತ ತಾಯ್ತ ಕಟ್ಟಿಸ್ತದೆ” ಅಂದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ.

ಶಿರಾದಲ್ಲಿ ನಮಗೆ ಇದೇ ಪಾಠವನ್ನು ನೀವು ಒಂದೇ ದಿನದಲ್ಲಿ ತಲೆಗೆ ಹತ್ತಿಸಿದ್ದಿರಿ. ಹೇಗೆ ಅಂತ ಮರೆತುಹೋಗಿದೆ. ದಯವಿಟ್ಟು ಬರೆಯಿರಿ. ಅಮ್ಮೀಜಾನ್‌ಗೆ ನನ್ನ ಸಲಾಂ ತಿಳಿಸಿ.

ನಿಮ್ಮ
ಬಿಂದುಶ್ರೀ


ಶಿರಾ
1 ನವೆಂಬರ್ 2025

ಬೇಟಿ ಬಿಂದುಶ್ರೀಗೆ ಕರೀಮ್ ಸಾಬನ ಆಶೀರ್ವಾದ.

ನಿನ್ನ ಕಾಗದ ಇದರ ಜೊತೆಗೇ ಇದೆ. ಎರಡು ಕಡೆ ಕೆಂಪು ಗುರುತು ಹಾಕಿದ್ದೇನೆ, ನೋಡಿಕೋ. ಏಳು ವರ್ಷದ ಟೀಚರಮ್ಮ ಇನ್ನೂ ಒತ್ತಕ್ಷರ ನುಂಗುತ್ತೀಯ.

ಪ್ಯಾಸಿವ್ ವಾಯ್ಸ್ ಅಂದರೆ ಹೆದರಬೇಡ. ಪಾವಗಡದಲ್ಲಿ ಒಂಬತ್ತು ವರ್ಷ ಇದ್ದವನು ನಾನು. ಅಲ್ಲಿ ಒಬ್ಬ ಹುಡುಗ ಕ್ಲಾಸಿಗೆ ಕುಂಟುತ್ತಾ ಬಂದು, ತೆಲುಗಿನಲ್ಲಿ, “ಸಾರ್, ಕುಕ್ಕ ಕರಿಚಿಂದಿ” ಅಂದ. ನಾನು, “ಹಾಗಲ್ಲಪ್ಪ, ನಾಯಿಯಿಂದ ನಾನು ಕಚ್ಚಲ್ಪಟ್ಟೆ ಅನ್ನು” ಅಂದೆ. ಅವನು ನನ್ನ ಮುಖ ನೋಡಿ, “ಸಾರ್, ಮೊದಲು ಇಂಜೆಕ್ಷನ್” ಅಂದ. ನಮ್ಮ ಬಾಯಿಗೆ ಒಗ್ಗದ ಪ್ರಯೋಗ ಇದು, ಕನ್ನಡಕ್ಕೂ ಒಗ್ಗದು, ತೆಲುಗಿಗೂ ಒಗ್ಗದು. ಹಾಗಂತ ಮೊದಲು ಒಪ್ಪಿಕೊಂಡುಬಿಡು, ಮಕ್ಕಳು ಅರ್ಧ ದಾರಿ ನಿನ್ನ ಹತ್ತಿರ ಬರುತ್ತಾರೆ.

ಆಮೇಲೆ ಮೂವರನ್ನು ಎಬ್ಬಿಸಿ ನಿಲ್ಲಿಸು. ಒಬ್ಬಳು ಮಾಡಿದವಳು, ಒಬ್ಬಳು ಮಾಡಿದ ಕೆಲಸ, ಒಬ್ಬಳು ಮಾಡಿಸಿಕೊಂಡ ವಸ್ತು. ವಸ್ತುವನ್ನು ಮುಂದಕ್ಕೆ ಕರೆ. ಮಾಡಿದವಳನ್ನು ಬಾಗಿಲ ಹಿಂದೆ ನಿಲ್ಲಿಸು. ಬೇಕಾದರೆ ‘ಬೈ’ ಅಂತ ಚೀಟಿ ಹಿಡಿದು ಕತ್ತು ಹೊರಗೆ ಹಾಕಲಿ, ಬೇಡವಾದರೆ ಅಲ್ಲೇ ಇರಲಿ. ಅಷ್ಟೇ ಪಾಠ.

ಯಾವಾಗ ಬಳಸಬೇಕು ಅಂತ ಕೇಳಿದರೆ ಮೂರು ಸಂದರ್ಭ ಹೇಳು. ಮಾಡಿದವರು ಯಾರೋ ಗೊತ್ತಿಲ್ಲದಾಗ. ಗೊತ್ತಿದ್ದರೂ ಅವರು ಮುಖ್ಯವಲ್ಲದಾಗ. ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಾಗ. ಮೂರನೆಯದು ಪರೀಕ್ಷೆಗೆ ಬರುವುದಿಲ್ಲ, ಕಚೇರಿಯಲ್ಲಿ ಬರುತ್ತದೆ.

ನನ್ನ ಬೇಗಂ, ನಿನ್ನ ಅಮ್ಮೀಜಾನ್ ಅಫ್ಜಲುನ್ನೀಸಾ ಕೇಳುತ್ತಿದ್ದಾಳೆ: ಈ ಕಾರ್ತಿಕದಲ್ಲೂ ಸೋಮವಾರದ ಉಪವಾಸ ಹಿಡಿದಿದ್ದೀಯಾ? ತಾವರೆಕೆರೆಯಿಂದ ಬಸ್ಸಿನಲ್ಲಿ ಟ್ಯೂಷನ್ನಿಗೆ ಬರುತ್ತಿದ್ದಾಗ ಸೋಮವಾರ ಒಂದು ಖರ್ಜೂರವನ್ನೂ ಮುಟ್ಟುತ್ತಿರಲಿಲ್ಲವಂತೆ. ಮಾಷಾ ಅಲ್ಲಾ, ಹಟದಲ್ಲಿ ನೀನು ನನ್ನ ಶಿಷ್ಯೆಯೇ.

ಕರೀಮ್ ಸಾಬ್


ಕೊರಟಗೆರೆ
13 ನವೆಂಬರ್ 2025, ಗುರುವಾರ

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ಬಾಗಿಲ ಹಿಂದಿನ ಆಟ ಆಡಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲರ ತಲೆಗೂ ಹತ್ತಿತು. ಇನ್ನು ಈ ಪಾಠ ನನಗೆ ನೀರು ಕುಡಿದಷ್ಟು ಸಲೀಸು.

ಈಗ ಬೇರೆ ವಿಷಯಕ್ಕೆ ನಿಮ್ಮ ಕೆಂಪು ಶಾಯಿ ಬೇಕಾಗಿದೆ. ಸೋಮವಾರ, ಅಂದರೆ ಹತ್ತನೇ ತಾರೀಕು, ನಮ್ಮ ಶಾಲೆಯಲ್ಲಿ ಬಿಸಿಯೂಟ ಎಡವಟ್ಟಾಯಿತು. ನಮ್ಮ ಅಡುಗೆಯವರು ರಾಜಲಕ್ಷ್ಮಮ್ಮ. ಹದಿನೈದು ವರ್ಷದಿಂದ ಅದೇ ಒಲೆಯ ಮುಂದೆ ನಿಂತವರು. ಅವರದೊಂದು ಪದ್ಧತಿ, ಮಕ್ಕಳಿಗೆ ಬಡಿಸುವ ಮುಂಚೆ ತಾವು ನಾಲಿಗೆಗೆ ಮುಟ್ಟಿಸುವುದಿಲ್ಲ, ಎಂಜಲಾಗುತ್ತದಂತೆ. ಸಾರಿನ ಆವಿಗೆ ಮೂಗು ಒಡ್ಡಿಯೇ ಉಪ್ಪು ಹೆಚ್ಚೋ ಕಮ್ಮಿಯೋ ಹೇಳುತ್ತಾರೆ. ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ. ಆವತ್ತು ಪಾತ್ರೆ ಉಜ್ಜುವ ವಾಷಿಂಗ್ ಸೋಡಾದ ಡಬ್ಬಿ ಉಪ್ಪಿನ ಡಬ್ಬಿಯ ಪಕ್ಕದಲ್ಲಿತ್ತು. ಎರಡೂ ಒಂದೇ ಬಣ್ಣ, ಕೈತಪ್ಪಿತು. ಹದಿನಾಲ್ಕು ಮಕ್ಕಳಿಗೆ ಬಾಯಿ ಉರಿದು ವಾಂತಿಯಾಯಿತು. ಕೊರಟಗೆರೆ ಆಸ್ಪತ್ರೆಗೆ ಸಾಗಿಸಿದೆವು. ದೇವರ ದಯೆ, ಸಂಜೆಗೆ ಎಲ್ಲರೂ ಮನೆ ಸೇರಿದರು. ಅಶ್ವಿನಿಯೂ ಅದರಲ್ಲಿದ್ದಳು. ಈಗ ಚೆನ್ನಾಗಿದ್ದಾಳೆ, ಮೊದಲಿಗಿಂತ ಜಾಸ್ತಿ ಮಾತಾಡುತ್ತಾಳೆ.

ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿ ಅನಿಲ್ ಕುಮಾರ್ ಅವರು ಮಧುಗಿರಿಯವರು. ಅವರಿಗೆ ಎಲ್ಲವೂ ಇಂಗ್ಲಿಷಿನಲ್ಲಿ ಬೇಕು. ಹೆಡ್ ಮಾಸ್ಟರ್ ಚನ್ನಮಲ್ಲಯ್ಯನವರು ವರದಿ ಬರೆಯುವ ಕೆಲಸ ನನಗೆ ಹಚ್ಚಿದರು. “ನೋಡಮ್ಮ, ಪ್ಯಾಸಿವ್ ವಾಯ್ಸಲ್ಲಿ ಬರಿ. ಯಾರ ಹೆಸರೂ ಬೇಡ. ಗಂಭೀರವಾಗಿರ್ತದೆ” ಅಂದರು. ಬರೆದಿದ್ದೇನೆ. ಬಿಸಿಯೂಟಕ್ಕೆ ಒಂದು ನಿಯಮವಿದೆ, ಮಕ್ಕಳಿಗಿಂತ ಮುಂಚೆ ಆ ದಿನದ ಸರದಿಯ ಟೀಚರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಅದಕ್ಕೇ ವರದಿಯಲ್ಲಿ ‘ದಿ ಫುಡ್ ವಾಸ್ ಟೇಸ್ಟೆಡ್ ಅಂಡ್ ದಿ ರಿಜಿಸ್ಟರ್ ವಾಸ್ ಸೈನ್ಡ್’ ಅಂತ ಸೇರಿಸಿದ್ದೇನೆ. ಊಟದ ರುಚಿ ನೋಡಲಾಯಿತು, ಸಹಿ ಮಾಡಲಾಯಿತು. ಇದರಿಂದ ಶಾಲೆ ನಿಯಮ ಪಾಲಿಸಿದೆ ಅಂತ ತಿಳಿಯುತ್ತದೆ.

ನಕಲು ಇಟ್ಟಿದ್ದೇನೆ. ತಿದ್ದಿ ಕಳಿಸಿ. ವಿಷಯ ಇಲ್ಲಿಗೆ ಮುಗಿಯುತ್ತದೆ, ಚಿಂತೆಯಿಲ್ಲ.

ನಿಮ್ಮ
ಬಿಂದುಶ್ರೀ


ಶಿರಾ
16 ನವೆಂಬರ್ 2025

ಬೇಟಿ,

ನಾಳೆ ಬೆಳಿಗ್ಗೆ ಮೊದಲ ಅಂಚೆಗೇ ಇದನ್ನು ಹಾಕಿಸುತ್ತೇನೆ. ಮಕ್ಕಳು ಹುಷಾರಾದರಲ್ಲ, ಅಲ್ಲಾಹು ದೊಡ್ಡವನು.

ವರದಿ ಓದಿದೆ. ಓದಿ ಮುಗಿಸಿ ಅಫ್ಜಲುನ್ನೀಸಾಳ ಮುಂದೆ ಹಾಳೆ ಆಡಿಸಿ, “ನೋಡು, ಇದು ನನ್ನ ಹುಡುಗಿ ಬರೆದದ್ದು” ಅಂತ ಕೂಗಿದೆನಂತೆ. ಕಿವುಡನಿಗೆ ತನ್ನ ದನಿ ಎಷ್ಟು ಅಂತ ಗೊತ್ತಾಗುವುದಿಲ್ಲ, ಪಕ್ಕದ ಮನೆಯವರು ಏನಾಯಿತು ಅಂತ ಬಂದು ನೋಡಿದರು.

ಎರಡು ಕಡೆ ಕಾಲ ತಪ್ಪಿತ್ತು, ತಿದ್ದಿದ್ದೇನೆ. ಊಟದ ರುಚಿ ನೋಡಿದ ವಾಕ್ಯವನ್ನು ಕೊನೆಯಿಂದ ತೆಗೆದು ಮೊದಲನೇ ಪ್ಯಾರಾಕ್ಕೆ ತಂದಿದ್ದೇನೆ, ಅಲ್ಲಿ ಅದಕ್ಕೆ ಬಲ ಹೆಚ್ಚು. ‘ಡ್ಯೂಲಿ’ ಅನ್ನುವ ಒಂದು ಪದ ಸೇರಿಸಿದ್ದೇನೆ, ವಿಧಿವತ್ತಾಗಿ ರುಚಿ ನೋಡಲಾಯಿತು ಅಂತ. ಕಚೇರಿಯವರಿಗೆ ಆ ಪದ ಅಂದರೆ ಪ್ರಾಣ.

ಎಲ್ಲಕ್ಕಿಂತ ನನಗೆ ಸಂತೋಷವಾದದ್ದು ಇನ್ನೊಂದು. ಸೋಡಾ ಹಾಕಿದ್ದು ಯಾರು ಅಂತ ನೀನು ಎಲ್ಲಿಯೂ ಬರೆದಿಲ್ಲ. ಪಾಪ, ಆ ಅಡುಗೆಯಮ್ಮನ ಹೆಸರು ಕೆಡದಂತೆ ನೋಡಿಕೊಂಡಿದ್ದೀಯ. ನಾನು ಹೇಳಿಕೊಟ್ಟ ಮೂರನೇ ಸಂದರ್ಭವನ್ನು ಒಬ್ಬ ಬಡ ಹೆಂಗಸನ್ನು ಕಾಯಲು ಬಳಸಿದ್ದೀಯ. ಭೇಷ್!

ಕರೀಮ್ ಸಾಬ್


ಕೊರಟಗೆರೆ
24 ನವೆಂಬರ್ 2025

ಮೇಷ್ಟ್ರೇ,

ನಿಮ್ಮ ತಿದ್ದುಪಡಿ ಎಲ್ಲರಿಗೂ ಹಿಡಿಸಿತು. ಇಂಥ ಇಂಗ್ಲಿಷನ್ನು ನಮ್ಮ ಶಾಲೆಯಿಂದ ಇದೇ ಮೊದಲು ನೋಡಿದ್ದು ಅಂತ ಅನಿಲ್ ಕುಮಾರ್ ಅವರು ಹೊಗಳಿದರಂತೆ.

ಇಪ್ಪತ್ತನೇ ತಾರೀಕಿನಿಂದ ರಾಜಲಕ್ಷ್ಮಮ್ಮನವರನ್ನು ಕೆಲಸದಿಂದ ನಿಲ್ಲಿಸಲಾಗಿದೆ. ನೋಟಿಸು ಕನ್ನಡದಲ್ಲೇ ಇತ್ತು: ‘ನಿರ್ಲಕ್ಷ್ಯ ಕಂಡುಬಂದಿರುವುದರಿಂದ ನಿಲ್ಲಿಸಲಾಗಿದೆ’. ಮಂಡಳಿಯವರ ಲೆಕ್ಕಾಚಾರ ಸರಳವಾಗಿದೆ. ಹನ್ನೆರಡೂವರೆಗೆ ರುಚಿ ನೋಡಿದಾಗ ಸಾರು ಸರಿಯಿತ್ತು, ಒಂದು ಗಂಟೆಗೆ ಮಕ್ಕಳು ವಾಂತಿ ಮಾಡಿದರು, ಹಾಗಾದರೆ ಸೋಡಾ ಬಿದ್ದದ್ದು ನಡುವೆ. ರುಚಿ ನೋಡಿದ ಮೇಲೆ ಸಾರಿಗೆ ಯಾರು ಯಾಕೆ ಉಪ್ಪು ಹಾಕುತ್ತಾರೆ? ಬೇಕೆಂದೇ ಹಾಕಿದ್ದಾಳೆ ಅನ್ನುವವರೂ ಇದ್ದಾರೆ. ಪೋಷಕರ ಪೈಕಿ ದೊಡ್ಡರಂಗಪ್ಪ ಅನ್ನುವವರು, ಅಶ್ವಿನಿಯ ತಂದೆ, ಗೇಟಿನ ಹತ್ತಿರ ನಿಂತು, “ಆವಮ್ಮ ಇಸ ಆಕವ್ಳೆ, ಪೊಲೀಸ್ನೋರ್ಗೆ ಹಿಡ್ಕೊಡಿ” ಅಂತ ಕೂಗಾಡಿದರು.

ಬೆಳಿಗ್ಗೆ ಶಾಲೆಗೆ ಬಸ್ಸು ಬದಲಿಸುವಾಗ ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ ರಾಜಲಕ್ಷ್ಮಮ್ಮ ಸಿಕ್ಕಿದ್ದರು. ಯಾರ ಹೊಲಕ್ಕೋ ಕೂಲಿಗೆ ಹೊರಟಿದ್ದರು. “ತಿಂಡಿ ಆಯ್ತಾ ಮೇಡಮ್ಮೋರೆ?” ಅಂದರು. ಆಯಿತು ಅಂದೆ. ಅಲ್ಲೇ ನಿಂತು ನನ್ನ ಮುಖವನ್ನೇ ನೋಡಿದರು. ಬಸ್ಸು ಬಂತು, ಹತ್ತಿದೆ.

ನಿಯಮದ ಪ್ರಕಾರ ಎಲ್ಲವೂ ನಡೆದಿದೆ. ನಾನು ಒಬ್ಬ ಟೀಚರು, ಮಂಡಳಿಯ ತೀರ್ಮಾನಕ್ಕೆ ನಾನೇನು ಮಾಡಲಿಕ್ಕಾಗುತ್ತದೆ? ಅರ್ಧವಾರ್ಷಿಕದ ಪೇಪರುಗಳು ಬಾಕಿ ಬಿದ್ದಿವೆ. ಇಷ್ಟೇ ಸಾಕು.

ಬಿಂದುಶ್ರೀ


ಶಿರಾ
28 ನವೆಂಬರ್ 2025

ಬಿಂದುಶ್ರೀ,

ಈ ಸಾರಿ ನಿನ್ನ ಕಾಗದಕ್ಕೆ ಕೆಂಪು ಶಾಯಿ ಮುಟ್ಟಿಸಿಲ್ಲ.

ನಿನ್ನ ಕಾಗದವನ್ನು ಅಫ್ಜಲುನ್ನೀಸಾಳಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಸ್ಲೇಟು ತೆಗೆದುಕೊಂಡು ಒಂದೇ ಸಾಲು ಬರೆದಳು: ‘ಹತ್ತನೇ ತಾರೀಕು ಸೋಮವಾರ ತಾನೆ? ಆವತ್ತು ರುಚಿ ನೋಡಿದ್ದು ಯಾರು?’ ಉರ್ದುವಿನಲ್ಲಿ ಬರೆದಳು, ನಾನು ನಿನಗೆ ಕನ್ನಡದಲ್ಲಿ ಕೇಳುತ್ತಿದ್ದೇನೆ.

ನಲವತ್ತು ವರ್ಷ ‘ಮಾಡಿದವನು ಯಾರು, ಮಾಡಿದವನು ಯಾರು’ ಅಂತ ಮಕ್ಕಳ ಕಿವಿ ಹಿಂಡಿದ ಮೇಷ್ಟ್ರು ನಾನು. ಆ ವಾಕ್ಯ ಓದುವಾಗ ಒಂದು ಸಾರಿಯೂ ಕೇಳಲಿಲ್ಲ. ನಿನ್ನ ಬರವಣಿಗೆಯ ಅಂದ ನೋಡಿಕೊಂಡು ಕೂತೆ. ಅದೂ ಸಾಲದು ಅಂತ ‘ವಿಧಿವತ್ತಾಗಿ’ ಬೇರೆ ಸೇರಿಸಿದೆ. ಥೂ! ನನ್ನ ಆ ಒಂದು ಪದದ ಮೇಲೆ ಒಬ್ಬ ಹೆಂಗಸು ಹದಿನೈದು ವರ್ಷದ ಅನ್ನ ಕಳೆದುಕೊಂಡು ಊರ ಬಾಯಲ್ಲಿ ವಿಷ ಹಾಕಿದವಳಾಗಿದ್ದಾಳೆ. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಆವತ್ತಿನ ಸರದಿ ನಿನ್ನದಿತ್ತು, ಉಪವಾಸ ಅಂತ ನೀನು ನೋಡಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ನೋಡಿದ್ದರೆ ನೋಡಿದೆ ಅಂತ ಒಂದು ಸಾಲು ಬರೆ, ನಿನ್ನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ನೋಡದಿದ್ದರೆ ನನಗೆ ಬರೆಯಬೇಡ. ಬರೆಯಬೇಕಾದವರು, ಹೇಳಬೇಕಾದವರು ಬೇರೆ ಇದ್ದಾರೆ. ಅಲ್ಲಿಗೆ ಹೋಗು. ನೀನು ಹೋಗದಿದ್ದರೆ ನಾನೇ ಬಸ್ಸು ಹತ್ತಿ ಮಧುಗಿರಿಗೆ ಹೋಗಿ ಆ ಅನಿಲ್ ಕುಮಾರರ ಮುಂದೆ ನಿಲ್ಲುತ್ತೇನೆ. ಕಿವುಡ ಅಂತ ಯಾರೂ ನನ್ನನ್ನು ತಡೆಯಲಾರರು.

ಕರೀಮ್ ಸಾಬ್


ಕೊರಟಗೆರೆ
8 ಡಿಸೆಂಬರ್ 2025, ಸೋಮವಾರ

ಪೂಜ್ಯ ಮೇಷ್ಟ್ರಿಗೆ,

ಹತ್ತು ದಿನ ಉತ್ತರ ಬರಲಿಲ್ಲ ಅಂತ ನೀವು ಎಷ್ಟು ಬೈದುಕೊಂಡಿರೋ. ನನಗೆ ಬರೆಯಬೇಡ ಅಂದಿದ್ದಿರಿ, ಅದಕ್ಕೇ ಬರೆಯಲಿಲ್ಲ.

ನಾನು ರುಚಿ ನೋಡಿರಲಿಲ್ಲ. ಆವತ್ತು ಸರದಿ ನನ್ನದು. ಉಪವಾಸ ಅಂತ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸದೆ ಸಹಿ ಹಾಕಿದೆ. ಸರದಿ ಬೇರೆಯವರಿಗೆ ಬದಲಾಯಿಸಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ರಾಜಲಕ್ಷ್ಮಮ್ಮ ಮಾಡಿದ್ದಲ್ಲವಾ, ಏನಾಗುತ್ತೆ ಅನ್ನುವ ಧೈರ್ಯ. ಅವರ ಕೈತಪ್ಪನ್ನು ಹಿಡಿಯುವುದಕ್ಕೇ ನನ್ನನ್ನು ಅಲ್ಲಿ ನಿಲ್ಲಿಸಿದ್ದು. ನಾನು ಹಿಡಿಯಲಿಲ್ಲ. ಅಶ್ವಿನಿ ನನ್ನ ತೋಳಿನ ಮೇಲೇ ವಾಂತಿ ಮಾಡಿಕೊಂಡಳು, ಮೇಷ್ಟ್ರೇ. ಆ ಸೀರೆಯನ್ನೇ ಉಟ್ಟುಕೊಂಡು ಸಂಜೆ ಕೂತು ವರದಿ ಬರೆದೆ. ಯಾಕೆ ಹಾಗೆ ಬರೆದೆ ಅಂತ ಕೇಳಬೇಡಿ. ಹೆದರಿಕೆ, ಇನ್ನೇನು. ಪ್ರತಿ ವರ್ಷ ರಿಸಲ್ಟು ಹಿಡಿದು ಮೆರೆಯುವವಳಿಗೆ ತಲೆ ತಗ್ಗಿಸಿ ಅಭ್ಯಾಸವಿರಲಿಲ್ಲ.

ನಿಮ್ಮ ಕಾಗದ ಬಂದ ದಿನವೇ ಹೆಡ್ ಮಾಸ್ಟರಿಗೆ ಹೇಳಿದೆ. ಚನ್ನಮಲ್ಲಯ್ಯನವರು ಕೈ ಮುಗಿದರು. “ಸುಮ್ನಿದ್ಬುಡಮ್ಮ, ಮುಗಿದೋದ ಕಥೆ. ಆಯಮ್ಮನಿಗೆ ಬೇರೆ ಎಲ್ಲಾದ್ರೂ ಕೆಲಸ ಕೊಡಿಸೋಣ” ಅಂದರು. ಅದಾಗುವುದಿಲ್ಲ ಸಾರ್, ಪೋಷಕರ ಸಭೆ ಕರೆಯಿರಿ, ಇಲ್ಲದಿದ್ದರೆ ನಾನೇ ಗೇಟಿನಲ್ಲಿ ನಿಂತು ಹೇಳುತ್ತೇನೆ ಅಂದೆ. ಕರೆದರು. ಮೊನ್ನೆ ಶುಕ್ರವಾರ, ಐದನೇ ತಾರೀಕು ಸಭೆ. ಅನಿಲ್ ಕುಮಾರ್ ಅವರೂ ಮಧುಗಿರಿಯಿಂದ ಬಂದಿದ್ದರು. ರಾಜಲಕ್ಷ್ಮಮ್ಮನವರನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಯಾಕೆ ಏನು ಅಂತ ಕೇಳದೆ ಸೆರಗು ಸರಿಮಾಡಿಕೊಂಡು ಹೊರಟುಬಂದರು.

ಎದ್ದು ನಿಂತೆ. ಆವತ್ತು ರುಚಿ ನೋಡಬೇಕಾಗಿದ್ದವಳು ನಾನು, ನೋಡಲಿಲ್ಲ, ನೋಡಿದೆ ಅಂತ ಸಹಿ ಹಾಕಿದೆ, ಅದನ್ನೇ ವರದಿಯಲ್ಲೂ ಬರೆದೆ, ರಾಜಲಕ್ಷ್ಮಮ್ಮನವರದು ಕೈತಪ್ಪು, ನನ್ನದು ಸುಳ್ಳು ಅಂದೆ.

ಗಲಾಟೆಯಾಯಿತು. ದೊಡ್ಡರಂಗಪ್ಪನವರು ನನ್ನ ಮೇಲೆ ಎಗರಿ ಬಂದರು. “ನನ್ ಮಗಳು ನಿಮ್ಮನ್ನ ದೇವ್ರು ಅಂತಾಳೆ, ನೀವು ನೋಡಿದ್ರೆ ಇಂಗೆ ಮಾಡಿದ್ದೀರಲ್ಲ!” ಅಂದರು. ಅನ್ನಲಿ ಅಂತ ನಿಂತೆ. ಆಗ ರಾಜಲಕ್ಷ್ಮಮ್ಮ ಎದ್ದರು.

“ಅವ್ರೊಬ್ಬರನ್ನೇ ಯಾಕ್ ಬೈತೀರ? ಸೋಡಾ ಹಾಕ್ದೋಳು ನಾನು. ಪುಸ್ತಕ ತಕ್ಕೊಂಡೋದೋಳೂ ನಾನೇಯಾ. ಮೇಡಮ್ಮೋರು ಕಾರ್ತೀಕದ ಉಪಾಸ ಅಂತ ನಂಗೆ ಗೊತ್ತಿತ್ತು. ನಾನೇನ್ ಇವತ್ತು ನೆನ್ನೆ ಅಡುಗೆ ಮಾಡ್ತಿದ್ದೀನಾ, ಸೈನ್ ಹಾಕ್ಬುಡಿ ಅಂದೆ. ಹಾಕಿದ್ರು” ಅಂದರು.

“ಅಂಗಾರೆ ಇಷ್ಟ್ ದಿನ ಯಾಕಮ್ಮ ಬಾಯಿ ಬುಡ್ಲಿಲ್ಲ?” ಅಂದರು ದೊಡ್ಡರಂಗಪ್ಪ.

“ನಾನು ಹೇಳಿದ್ರೆ ನೀವು ನಂಬ್ತಿದ್ರಾ? ಸೈನ್ ಐತೆ, ಇಂಗ್ಲೀಸ್ನಾಗೆ ಬರ್ದವ್ರೆ, ನೀನು ನೆವ ಹೇಳ್ತೀಯ ಅಂತಿದ್ರಿ. ಅದ್ಕೇ ಅವ್ರೇ ಹೇಳ್ಲಿ ಅಂತ ಕಾದೆ. ಇಪ್ಪತ್ತೈದು ದಿನ ಕಾದೆ ಕಣಪ್ಪ.” ಆಮೇಲೆ ನನ್ನ ಕಡೆ ತಿರುಗಿ, “ಬಸ್ ಸ್ಟಾಪ್ನಾಗೆ ಹೇಳ್ತೀರ ಅನ್ಕಂಡಿದ್ದೆ. ಬಸ್ ಹತ್ತೋದ್ರಿ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಅತ್ತುಬಿಟ್ಟೆ, ಎಲ್ಲರ ಮುಂದೆ.

ಅನಿಲ್ ಕುಮಾರ್ ಅವರು ನನ್ನ ಒಂದು ವರ್ಷದ ವೇತನ ಬಡ್ತಿ ತಡೆದಿದ್ದಾರೆ. ಕೆಂಪು ಅಕ್ಷರದ ಮೆಮೊ ಕೊಟ್ಟಿದ್ದಾರೆ. ಅದು ಸರಿಯಾಗಿಯೇ ಇದೆ, ನಾನು ಮೇಲ್ಮನವಿ ಹಾಕುವುದಿಲ್ಲ. ರಾಜಲಕ್ಷ್ಮಮ್ಮನವರನ್ನು ವಾಪಸ್ ತೆಗೆದುಕೊಂಡರು. ಸೋಡಾ ಇನ್ನು ಅಡುಗೆಮನೆಯ ಹೊರಗಿನ ಗೂಡಿನಲ್ಲಿ ಇರುತ್ತದೆ. ಸಭೆ ಮುಗಿದ ಮೇಲೆ ದೊಡ್ಡರಂಗಪ್ಪನವರು ರಾಜಲಕ್ಷ್ಮಮ್ಮನವರ ಹತ್ತಿರ ಹೋಗಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನನ್ನ ಹತ್ತಿರ ಬರಲಿಲ್ಲ. ಅವರಿಗೆ ಇನ್ನೂ ಸಮಯ ಬೇಕು.

ಇವತ್ತು ರಾಜಲಕ್ಷ್ಮಮ್ಮ ಒಲೆ ಹಚ್ಚಿದ ಮೊದಲ ದಿನ. ಸರದಿ ನನ್ನದೇ. ಕಾರ್ತಿಕ ಮುಗಿದಿದೆ, ಉಪವಾಸವಿಲ್ಲ. ಹನ್ನೆರಡೂವರೆಗೆ ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಒಂದು ತಟ್ಟೆಯಲ್ಲಿ ಅನ್ನ ಸಾರು ಹಾಕಿ ನನ್ನ ಮುಂದಿಟ್ಟರು. ಪುಸ್ತಕವನ್ನು ಮಾತ್ರ ಕೊಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಎದುರಿಗೆ ನಿಂತರು. ಕಲಸಿ ಒಂದು ತುತ್ತು ತಿಂದೆ. ಸಾರು ಸಪ್ಪೆ ಇತ್ತು. ಹದಿನೈದು ದಿನ ಕೂಲಿ ಮಾಡಿ ಇವತ್ತು ಒಲೆಗೆ ಬಂದ ಹೆಂಗಸು, ನೂರನಲವತ್ತು ಮಕ್ಕಳ ಕಣ್ಣು ನಮ್ಮ ಮೇಲೆ. ಚೆನ್ನಾಗಿದೆ ಅಂತ ಹೇಳಿಬಿಡೋಣ ಅನ್ನಿಸಿತು, ನಿಜ ಹೇಳುತ್ತೇನೆ. ಇನ್ನೊಂದು ತುತ್ತು ತಿಂದೆ.

“ಉಪ್ಪು ಕಮ್ಮಿ ಆಗಿದೆ ರಾಜಲಕ್ಷ್ಮಮ್ಮ” ಅಂದೆ.

ಅವರು ಕಂಕುಳಿನಿಂದ ಪುಸ್ತಕ ತೆಗೆದು ನನ್ನ ಮುಂದಿಟ್ಟು, ಸೆರಗಿನ ಮರೆಯಲ್ಲಿ ಹಿಡಿದಿದ್ದ ಉಪ್ಪಿನ ಬಟ್ಟಲನ್ನು ತೋರಿಸಿದರು.

“ನಂಗೊತ್ತು. ನೀವು ಹೇಳ್ತೀರೋ ಇಲ್ವೋ ನೋಡಾನ ಅಂತ ಕಮ್ಮಿ ಹಾಕಿದ್ದೆ” ಅಂದರು.

ನಿಮ್ಮ
ಬಿಂದುಶ್ರೀ